ಹೊಗೆ ಬಾಂಬ್ ಎಸೆದರೆ ನಿಂತುಬಿಡುತ್ತಿದ್ದ ಕಂಪ್ಯೂಟರ್

ಶನಿವಾರ ರಾತ್ರಿ ಹತ್ತು ಗಂಟೆಗೆ ನಾವು ನಾಲ್ಕು ಜನ ಸೇರುತ್ತೇವೆ. ಒಬ್ಬ ಹುಬ್ಬಳ್ಳಿ, ಒಬ್ಬ ದುಬೈ, ಇನ್ನೊಬ್ಬ ವೈಟ್‌ಫೀಲ್ಡ್, ನಾನು ತುಮಕೂರು. ಹಾಸ್ಟೆಲ್‌ನಲ್ಲಿ ಒಂದೇ ನೆಟ್‌ವರ್ಕ್ ಸ್ವಿಚ್‌ಗೆ ಲ್ಯಾನ್ ವೈರ್ ಎಳೆದುಕೊಂಡು, ಕೌಂಟರ್ ಸ್ಟ್ರೈಕ್ ಅನ್ನುವ ಬಂದೂಕಿನ ಕಂಪ್ಯೂಟರ್ ಆಟ ಆಡುತ್ತಿದ್ದ ಗುಂಪು ಇದು. ಕೆಲಸ, ಮದುವೆ, ಮಕ್ಕಳು ಅಂತ ಎಲ್ಲರೂ ಚದುರಿದರೂ ಶನಿವಾರದ ಆಟ ಮಾತ್ರ ಬಿಟ್ಟಿರಲಿಲ್ಲ. ಆಟಕ್ಕಿಂತ ಹರಟೆಯೇ ಜಾಸ್ತಿ ಅನ್ನಿ.

2023ರ ಸೆಪ್ಟೆಂಬರ್ 27ಕ್ಕೆ ಇದಕ್ಕೆ ಮಣ್ಣು ಬಿತ್ತು. ಅವತ್ತು ನಾವು ಆಡುತ್ತಿದ್ದ ಹಳೆಯ ಆವೃತ್ತಿ ಸಿಎಸ್ ಗೋ ಹೋಗಿ, ಅದರ ಜಾಗಕ್ಕೆ ಕೌಂಟರ್ ಸ್ಟ್ರೈಕ್ 2 ಅಪ್‌ಡೇಟ್ ಆಗಿ ಬಂತು. ಹಳೆಯದು ಕೇಳುತ್ತಿದ್ದದ್ದು 2 ಜಿಬಿ ರ‍್ಯಾಮ್ (ಆಟ ನಡೆಯುವಾಗ ಬಳಸುವ ತಾತ್ಕಾಲಿಕ ಮೆಮೊರಿ), ಡಿಸ್ಕ್‌ನಲ್ಲಿ 15 ಜಿಬಿ ಜಾಗ. ಹೊಸದಕ್ಕೆ ಕಡಿಮೆ ಅಂದರೂ 8 ಜಿಬಿ ರ‍್ಯಾಮ್, 85 ಜಿಬಿ ಜಾಗ ಬೇಕು. ನನ್ನ ಹತ್ತಿರ ಇದ್ದದ್ದು 4 ಜಿಬಿ. ಆಟ ಹೇಗೋ ತೆರೆದುಕೊಳ್ಳುತ್ತಿತ್ತು. ಆದರೆ ನನ್ನಲ್ಲಿ ಮ್ಯಾಪ್, ಅಂದರೆ ಆಟದ ಅಖಾಡ, ಲೋಡ್ ಆಗುವಷ್ಟರಲ್ಲಿ ಉಳಿದವರು ಅರ್ಧ ರೌಂಡ್ ಆಡಿರುತ್ತಿದ್ದರು. ಯಾರಾದರೂ ಹೊಗೆ ಬಾಂಬ್ ಎಸೆದರಂತೂ ಮುಗಿಯಿತು. ಹೊಸ ಆಟದಲ್ಲಿ ಹೊಗೆ ಸುಮ್ನೆ ಅಂಟಿಸಿದ ಚಿತ್ರವಲ್ಲ. ಕೋಣೆಯ ಆಕಾರಕ್ಕೆ ತಕ್ಕಂತೆ ತುಂಬಿಕೊಳ್ಳುತ್ತದೆ, ಗುಂಡು ಹೊಡೆದರೆ ಅದರಲ್ಲಿ ತೂತು ಬೀಳುತ್ತದೆ. ಅಷ್ಟನ್ನೂ ಬಿಡಿಸಲಾಗದೆ ನನ್ನ ಪರದೆ ಫೋಟೊ ಹಾಗೆ ನಿಂತುಬಿಡುತ್ತಿತ್ತು. ಮತ್ತೆ ಅಲುಗಾಡುವಷ್ಟರಲ್ಲಿ ನಾನು ಸತ್ತು ಬಿದ್ದಿರುತ್ತಿದ್ದೆ.

"ಏನ್ಲೇ, ಅದು ಕಂಪ್ಯೂಟರ್ ಐತೋ ಬೀಸೂ ಕಲ್ಲೈತೋ?" ಅಂತ ಹುಬ್ಬಳ್ಳಿಯವನು. ದುಬೈನವನದು ಒಂದೇ ಮಾತು, "ಗುಜರಿಗೆ ಹಾಕು ಮಗಾ, ಹೊಸದು ತಗೋ."

ಹೊಸದು ಅಂದರೆ ಐವತ್ತು ಸಾವಿರದ ಮೇಲೆ. ಆ ವರ್ಷವಷ್ಟೇ ತಾರಸಿ ಸೋರುತ್ತಿದೆ ಅಂತ ಒಂದಷ್ಟು ದುಡ್ಡು ಸುರಿದಿದ್ದೆ. ಅದೂ ಅಲ್ಲದೆ ಈ ಕಂಪ್ಯೂಟರ್ 2014ರಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಅಂತ ಅಪ್ಪನ ಹತ್ತಿರ ಕಾಡಿಬೇಡಿ ಕೊಡಿಸಿಕೊಂಡದ್ದು. ಪ್ರಾಜೆಕ್ಟ್ ಎಷ್ಟು ಮಾಡಿದೆ ಅನ್ನುವುದು ಬೇರೆ ವಿಷಯ. ಹನ್ನೆರಡು ಸಾವಿರದೊಳಗೆ ಇದನ್ನೇ ಎಬ್ಬಿಸಿ ನಿಲ್ಲಿಸಬೇಕು ಅಂತ 2024ರ ಬೇಸಿಗೆಯಲ್ಲಿ ತೀರ್ಮಾನ ಮಾಡಿದೆ.

ಡಬ್ಬದೊಳಗೆ ಇದ್ದದ್ದು ಇಷ್ಟು. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್, ಇಂಟೆಲ್ ಕಂಪನಿಯ ನಾಲ್ಕನೇ ತಲೆಮಾರಿನ ಐ5 4460, ನಾಲ್ಕು ಕೋರ್, 3.2 ಗಿಗಾಹರ್ಟ್ಸ್. ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್, ಎಚ್81 ಚಿಪ್‌ಸೆಟ್‌ನ ಅಗ್ಗದ್ದು. ಡಿಡಿಆರ್3 ರ‍್ಯಾಮ್ ಒಂದೇ ಕಡ್ಡಿ. 500 ಜಿಬಿ ಹಾರ್ಡ್ ಡಿಸ್ಕ್. ಪರದೆಯ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಬೇರೆ ಇಲ್ಲ, ಪ್ರೊಸೆಸರ್ ಒಳಗೇ ಇರುವ ಇಂಟೆಲ್ ಎಚ್‌ಡಿ 4600 ಅಷ್ಟೇ. ಕ್ಯಾಬಿನೆಟ್ ಜೊತೆ ಬಿಟ್ಟಿ ಬಂದ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ. 1366 ಗುಣಿಲೆ 768 ಪಿಕ್ಸೆಲ್‌ನ ಮಾನಿಟರ್, ಅದಕ್ಕೆ ನೀಲಿ ತಲೆಯ ವಿಜಿಎ ಕೇಬಲ್ ಒಂದೇ ದಾರಿ.

ಮೊದಲ ಹೆಜ್ಜೆಯೇ ತಪ್ಪಿಟ್ಟೆ. ಏನು ನಿಧಾನ, ಯಾಕೆ ನಿಧಾನ ಅಂತ ನೋಡುವ ಗೋಜಿಗೆ ಹೋಗಲಿಲ್ಲ. ರ‍್ಯಾಮ್ ಕಡಿಮೆ ಇದೆ, ರ‍್ಯಾಮ್ ತರೋಣ, ಅಷ್ಟೇ ಲೆಕ್ಕ. ಒಂದು ರಾತ್ರಿ ಮೊಬೈಲಿನಲ್ಲಿ ಹುಡುಕಿದೆ. 8 ಜಿಬಿ ಡಿಡಿಆರ್3, ಹೊಸದು, ಬರೀ 700 ರೂಪಾಯಿ. ಹಳೆಯದನ್ನೇ ಸಾವಿರಕ್ಕೆ ಮಾರುವಾಗ ಹೊಸದು ಏಳುನೂರಕ್ಕೆ ಹೇಗೆ ಬರುತ್ತದೆ ಅಂತ ಒಂದು ಕ್ಷಣ ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ.

ನಾಲ್ಕು ದಿನಕ್ಕೆ ಬಂತು. ಹಾಕಿದೆ. ಫ್ಯಾನ್ ತಿರುಗುತ್ತದೆ, ಎರಡು ಸೆಕೆಂಡಿಗೆ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಪರದೆಯಲ್ಲಿ ಏನೂ ಇಲ್ಲ. ತೆಗೆದು ಹಳೆಯ ಕಡ್ಡಿ ಮಾತ್ರ ಹಾಕಿದರೆ ಸಲೀಸಾಗಿ ಆನ್ ಆಗುತ್ತದೆ. ಸ್ಲಾಟ್ ಬದಲಿಸಿದೆ. ಹಾಸ್ಟೆಲ್‌ನಲ್ಲಿ ಕಲಿತ ವಿದ್ಯೆ ನೆನಪಾಗಿ ಪೆನ್ಸಿಲ್ ರಬ್ಬರ್‌ನಲ್ಲಿ ಕಡ್ಡಿಯ ಬಂಗಾರದ ಹಲ್ಲುಗಳನ್ನು ಉಜ್ಜಿದೆ. ಹೀಗೆ ಉಜ್ಜುತ್ತಾ ಉಜ್ಜುತ್ತಾ ಹತ್ತು ದಿನ ಕಳೆದು, ವಾಪಸ್ ಕಳಿಸುವ ಗಡುವೂ ದಾಟಿತು.

ಕೊನೆಗೆ ಡಬ್ಬವನ್ನೇ ಸ್ಕೂಟರ್ ಮುಂದೆ ನಿಲ್ಲಿಸಿಕೊಂಡು ಬಿ.ಎಚ್. ರಸ್ತೆಯ ಹತ್ತಿರದ ರಿಪೇರಿ ಅಂಗಡಿಗೆ ಹೋದೆ. ಅಲ್ಲಿಯ ಅಣ್ಣ ಕಡ್ಡಿಯನ್ನು ಬೆಳಕಿಗೆ ಹಿಡಿದು, ಎರಡೂ ಕಡೆ ತಿರುಗಿಸಿ ನೋಡಿ ನಕ್ಕರು. "ಇದು ಎಎಂಡಿ ಬೋರ್ಡ್‌ಗೆ ಮಾತ್ರ ಆಗೋದು ಸಾರ್. ನಿಮ್ದು ಇಂಟೆಲ್. ಸಾಯೋವರೆಗೂ ಉಜ್ಜಿದ್ರೂ ಬರಲ್ಲ." ಮನೆಗೆ ಬಂದು ಆ ಮಾರಾಟದ ಪುಟ ಮತ್ತೆ ತೆರೆದೆ. ಕೆಳಗೆ, ಯಾರೂ ಓದದ ಜಾಗದಲ್ಲಿ, ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಗೆ ಅಂತ ಬರೆದೇ ಇತ್ತು.

ಇದರ ಹಿಂದಿನ ಕಾರಣ ಆಮೇಲೆ ಓದಿ ತಿಳಿದುಕೊಂಡೆ. ರ‍್ಯಾಮ್ ಕಡ್ಡಿಯ ಮೇಲಿನ ಒಂದೊಂದು ಚಿಪ್ಪೂ ಒಂದು ಸಲಕ್ಕೆ ಇಷ್ಟು ಬಿಟ್ ಅಂತ ಕೊಡುತ್ತದೆ. ಇಂಟೆಲ್‌ನ ಮಾಮೂಲಿ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎಂಟು ಅಥವಾ ಹದಿನಾರು ಬಿಟ್ ಕೊಡುವ ಚಿಪ್ ಬೇಕು. ಈ ಅಗ್ಗದ ಕಡ್ಡಿಗಳಲ್ಲಿ ನಾಲ್ಕು ಬಿಟ್ ಕೊಡುವ ಚಿಪ್ ಇರುತ್ತವೆ. ಹಳೆಯ ಎಎಂಡಿ ಬೋರ್ಡ್‌ಗಳು ಅದನ್ನು ಸಹಿಸಿಕೊಳ್ಳುತ್ತವೆ, ಇಂಟೆಲ್ ಸಹಿಸುವುದಿಲ್ಲ. ಹಾಗಾಗಿಯೇ ಆ ರೇಟು. ಆ ಕಡ್ಡಿ ಈಗಲೂ ನನ್ನ ಟೇಬಲ್ ಡ್ರಾಯರ್‌ನಲ್ಲಿದೆ.

ಅಣ್ಣ ಅಷ್ಟಕ್ಕೇ ಬಿಡಲಿಲ್ಲ. ಪಕ್ಕದ ಮುಚ್ಚಳ ತೆಗೆದು ಒಳಗೆ ಇಣುಕಿ, "ಮೊದ್ಲು ಇದನ್ನ ನೋಡಿ ಸಾರ್" ಅಂದರು. ನೋಡಿ ನನಗೇ ನಾಚಿಕೆಯಾಯಿತು. ಪ್ರೊಸೆಸರ್ ಮೇಲಿನ ಫ್ಯಾನ್ ಕೆಳಗೆ ಧೂಳು ಹಾಸಿಗೆಯ ಹತ್ತಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಗಾಳಿ ಹೋಗಲು ಒಂದು ಸಂದಿಯೂ ಇಲ್ಲ. ಅದರ ನಡುವೆ ಒಣಗಿ ಕಂದಾದ ಸೇವಂತಿಗೆ ಎಸಳುಗಳು. ಹತ್ತು ಆಯುಧಪೂಜೆಗೆ ಅಮ್ಮ ಕ್ಯಾಬಿನೆಟ್ ನೆತ್ತಿಯ ಮೇಲೆ ಹೂವಿಟ್ಟದ್ದು, ಮೇಲಿನ ಜಾಲರಿಯಿಂದ ಒಂದೊಂದೇ ಒಳಗಿಳಿದಿವೆ. ಜೊತೆಗೆ ಅರಿಶಿನ ಕುಂಕುಮದ ಪುಡಿ. ಒಂದು ಮೂಲೆಯಲ್ಲಿ ಸತ್ತ ಜಿರಲೆ.

ಮುಚ್ಚಳ ತೆಗೆದೇ ಆನ್ ಮಾಡಿ ಪ್ರೊಸೆಸರ್ ಬಿಸಿ ತೋರಿಸಿದರು. ಸ್ವಲ್ಪ ಕೆಲಸ ಕೊಟ್ಟ ತಕ್ಷಣ 97 ಡಿಗ್ರಿ. ನೂರರ ಹತ್ತಿರ ಹೋದರೆ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. 3.2 ಗಿಗಾಹರ್ಟ್ಸ್‌ನಲ್ಲಿ ಓಡಬೇಕಾದದ್ದು ಎರಡಕ್ಕಿಂತ ಕೆಳಗೆ ಬಂದು ತೆವಳುತ್ತಿತ್ತು. ಅಂದರೆ ಇಷ್ಟು ದಿನ ನಾನು ಆಡುತ್ತಿದ್ದದ್ದು ಅರ್ಧ ಕಂಪ್ಯೂಟರ್‌ನಲ್ಲಿ!

ಬ್ಲೋವರ್ ಹಿಡಿದು ಅಂಗಡಿ ಹೊರಗೆ ಊದಿದರು. ಪಕ್ಕದ ಟೀ ಅಂಗಡಿಯವರು ಬಯ್ಯುವಷ್ಟು ಧೂಳು. ಕೂಲರ್ ಬಿಚ್ಚಿದರೆ, ಪ್ರೊಸೆಸರ್ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಂತೆ ಉದುರಿತು. ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿ ಮತ್ತೆ ಕೂರಿಸಿದರು. ಇಂಟೆಲ್ ಕೂಲರ್‌ನ ಆ ನಾಲ್ಕು ಪ್ಲಾಸ್ಟಿಕ್ ಕಾಲುಗಳನ್ನು ಎದುರುಬದುರು ಮೂಲೆಗಳಲ್ಲಿ ಒತ್ತಬೇಕು, ಒಂದೇ ಕಡೆ ಒತ್ತುತ್ತಾ ಹೋದರೆ ಇನ್ನೊಂದು ಕಡೆ ಎದ್ದುಕೊಳ್ಳುತ್ತದೆ. ಇದನ್ನು ಮನೆಯಲ್ಲಿ ನಾನೇ ಮಾಡಿದ್ದರೆ ಒಂದು ಕಾಲು ಖಂಡಿತ ಮುರಿಯುತ್ತಿತ್ತು. ಬೋರ್ಡ್ ಮೇಲಿನ ನಾಣ್ಯದಾಕಾರದ ಸಿಆರ್2032 ಸೆಲ್ ಕೂಡ ಬದಲಿಸಿದರು. ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ತಾರೀಕು ಹತ್ತು ವರ್ಷ ಹಿಂದಕ್ಕೆ ಹೋಗಿ, ಬ್ರೌಸರ್ ಯಾವ ಸೈಟನ್ನೂ ನಂಬದೆ ತಕರಾರು ಮಾಡುತ್ತಿದ್ದದ್ದು ಈ ಸೆಲ್ ಸತ್ತಿದ್ದರಿಂದ. ಕ್ಲೀನಿಂಗ್‌ಗೆ 300, ಸೆಲ್‌ಗೆ 30. ಬಿಸಿ 66 ಡಿಗ್ರಿಗೆ ಇಳಿಯಿತು.

ಮನೆಗೆ ತಂದು ಆನ್ ಮಾಡಿದೆ. ಅಮ್ಮ ಅಡುಗೆಮನೆಯಿಂದ ಬಂದು, "ಯಾಕೋ, ಕೆಟ್ಟೋಯ್ತಾ? ಸದ್ದೇ ಇಲ್ಲ" ಅಂದಳು.

ಆ ಶನಿವಾರ ಆಟ ಶುರುವಾಗುವ ಮೊದಲು, ಮಾಡಬೇಕಿದ್ದ ಕೆಲಸ ಮಾಡಿದೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಬಿಟ್ಟಿ ತಂತ್ರಾಂಶ ಇದೆ. ಯಾವ ಕಂಪನಿಯ ಕಾರ್ಡ್ ಇದ್ದರೂ, ಕಾರ್ಡೇ ಇಲ್ಲದಿದ್ದರೂ ಪರವಾಗಿಲ್ಲ. ಆಟ ನಡೆಯುವಾಗಲೇ ಪರದೆಯ ಮೂಲೆಯಲ್ಲಿ ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ರ‍್ಯಾಮ್ ಎಷ್ಟು ತುಂಬಿದೆ, ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಬರುತ್ತಿದೆ ಅಂತ ತೋರಿಸುತ್ತಿರುತ್ತದೆ. ಇದರಲ್ಲಿ ನಾನು ಕಲಿತದ್ದು ಒಂದು ವಿಷಯ. ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್) ಅನ್ನುವ ಸರಾಸರಿ ಸಂಖ್ಯೆಯನ್ನು ಮಾತ್ರ ನಂಬಬಾರದು. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದಕ್ಕೆ ಸುಮಾರು 16.7 ಮಿಲಿಸೆಕೆಂಡ್. ಐವತ್ತೊಂಬತ್ತು ಫ್ರೇಮ್ ಸರಿಯಾಗಿ ಬಂದು, ಒಂದು ಮಾತ್ರ 150 ಮಿಲಿಸೆಕೆಂಡ್ ತೆಗೆದುಕೊಂಡರೆ ಸರಾಸರಿಯಲ್ಲಿ ಅದು ಎದ್ದು ಕಾಣುವುದಿಲ್ಲ. ಕಣ್ಣಿಗೆ ಮಾತ್ರ ಹಂಪ್ ಹಾರಿದ ಬಸ್ಸಿನ ಹಾಗೆ ಜರ್ಕ್ ಹೊಡೆಯುತ್ತದೆ. ಆ ಫ್ರೇಮ್ ಟೈಮ್‌ನ ಗೆರೆಯನ್ನು ನೋಡಬೇಕು. ನನ್ನದು ಇಸಿಜಿ ಹಾಗೆ ಏರಿಳಿಯುತ್ತಿತ್ತು.

ಧೂಳು ಹೊಡೆದ ಮೇಲೆ ಪ್ರೊಸೆಸರ್ ಸರಿಯಾಗಿ ಓಡುತ್ತಿತ್ತು, ಆದರೂ ಆಟ 22, 25 ಫ್ರೇಮ್. ರ‍್ಯಾಮ್ 4ರಲ್ಲಿ 3.8 ತುಂಬಿದೆ. ರ‍್ಯಾಮ್ ಸಾಲದೆ ವಿಂಡೋಸ್ ಹಾರ್ಡ್ ಡಿಸ್ಕನ್ನೇ ರ‍್ಯಾಮ್ ಮಾಡಿಕೊಂಡಿದೆ, ಹಾಗಾಗಿ ಡಿಸ್ಕ್ ಸದಾ ನೂರಕ್ಕೆ ನೂರು. ಗ್ರಾಫಿಕ್ಸೂ ನೂರಕ್ಕೆ ನೂರು. ಮೂರು ಕಡೆ ಗಾಯ. ಈಗ ಪಟ್ಟಿ ಮಾಡಲು ಧೈರ್ಯ ಬಂತು: ಇಂಟೆಲ್‌ಗೆ ಆಗುವ 8 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್‌ಗಿಂತ ವೇಗದ ಒಂದು ಎಸ್‌ಎಸ್‌ಡಿ, ಒಂದು ಗ್ರಾಫಿಕ್ಸ್ ಕಾರ್ಡ್.

ತುಮಕೂರಿನಿಂದ ರೈಲಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಮೆಟ್ರೊದಲ್ಲಿ ಒಂದೇ ಸ್ಟಾಪ್, ಚಿಕ್ಕಪೇಟೆ. ಅವೆನ್ಯೂ ರಸ್ತೆ ದಾಟಿ ಜನರ ನಡುವೆ ತೂರಿಕೊಂಡು ಹೋದರೆ ಎಸ್.ಪಿ. ರೋಡ್. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ, ಆದರೆ ಹಾಗೆ ಕೇಳಿದರೆ ಆಟೊದವರಿಗೂ ಗೊತ್ತಾಗಲಿಕ್ಕಿಲ್ಲ. ಭಾನುವಾರ ಬಹುತೇಕ ಅಂಗಡಿಗಳ ಬಾಗಿಲು ಹಾಕಿರುತ್ತವೆ, ಅದಕ್ಕೇ ಒಂದು ದಿನ ರಜೆ ಹಾಕಿ ಹೋದೆ. ಸಣ್ಣ ಸಣ್ಣ ಮಳಿಗೆ, ಮೆಟ್ಟಿಲ ಕೆಳಗೂ ಅಂಗಡಿ, ಮೇಲಿನ ಮಹಡಿಯಲ್ಲಿ ಗೋಡೌನ್. ರಾಶಿ ಹಾಕಿದ ಹಳೆಯ ಕೀಬೋರ್ಡ್‌ಗಳು. ಒಂದು ಅಂಗಡಿಯಲ್ಲಿ ಸಿಗದಿದ್ದರೆ ಹುಡುಗನೊಬ್ಬ ಓಡಿಹೋಗಿ ಪಕ್ಕದ ಗಲ್ಲಿಯಿಂದ ತಂದುಕೊಡುತ್ತಾನೆ.

ರ‍್ಯಾಮ್ ಸುಲಭವಾಯಿತು. ಹಳೆಯ ಆಫೀಸ್ ಕಂಪ್ಯೂಟರ್‌ಗಳಿಂದ ಬಿಚ್ಚಿದ 8 ಜಿಬಿ ಕಡ್ಡಿ, 1,000 ರೂಪಾಯಿ. ಈ ಸಲ ಅಲ್ಲೇ ಇದ್ದ ಇಂಟೆಲ್ ಬೋರ್ಡ್‌ಗೆ ಹಾಕಿಸಿ ನೋಡಿದೆ. ಎಸ್‌ಎಸ್‌ಡಿ 480 ಜಿಬಿ, ಹೊಸದು, 2,700. ಕಡ್ಡಿಯಂಥ ಹೊಸ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ನನ್ನ ಬೋರ್ಡ್‌ನಲ್ಲಿ ಇಲ್ಲ, ಹಾಗಾಗಿ ಚಪ್ಪಟೆ ಡಬ್ಬಿಯಂಥ ಮಾಮೂಲಿ ಸಾಟಾ ಎಸ್‌ಎಸ್‌ಡಿಯೇ ಗತಿ. ಅದೇ ಸೆಕೆಂಡಿಗೆ 500 ಎಂಬಿಯ ಮೇಲೆ ಓದುತ್ತದೆ, ನನಗೆ ಇನ್ನೇನು ಬೇಕು.

ತಲೆಬಿಸಿ ಆದದ್ದು ಗ್ರಾಫಿಕ್ಸ್ ಕಾರ್ಡ್‌ಗೆ. ನಾನು ಕೇಳಿದ್ದು ಜಿಟಿಎಕ್ಸ್ 1650. ಒಂದು ಅಂಗಡಿಯಲ್ಲಿ ಆರ್‌ಎಕ್ಸ್ 6500 ಎಕ್ಸ್‌ಟಿ ತೋರಿಸಿದರು. "ಹೊಸ ಮಾಡೆಲ್ ಸಾರ್, 2022ದು. ಆ ಹಳೇ 1650 ಯಾಕೆ?" ಮಾತು ಸುಳ್ಳಲ್ಲ. ಆದರೆ ಈ ಕಾರ್ಡ್‌ಗೆ ಒಂದು ಐಬಿದೆ. ಸ್ಲಾಟ್‌ಗೆ ಕೂರುವ ಭಾಗ ಉದ್ದ ಇದ್ದರೂ ಡೇಟಾ ಓಡಾಡಲು ಒಳಗೆ ನಾಲ್ಕೇ ದಾರಿ. ಕಾರ್ಡ್ ಕೂರುವ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ 4.0 ಆಗಿರುವ ಹೊಸ ಬೋರ್ಡ್‌ನಲ್ಲಿ ನಾಲ್ಕು ದಾರಿಯಲ್ಲೇ ಸೆಕೆಂಡಿಗೆ ಸುಮಾರು 8 ಜಿಬಿ ಹರಿಯುತ್ತದೆ. ನನ್ನ ಎಚ್81 ಬೋರ್ಡ್ ಪಿಸಿಐ ಎಕ್ಸ್‌ಪ್ರೆಸ್ 2.0. ಅಲ್ಲಿ ಅದೇ ನಾಲ್ಕು ದಾರಿಗೆ ಬರೀ 2 ಜಿಬಿ. ಕಾರ್ಡ್‌ನ ಸ್ವಂತ ಮೆಮೊರಿ 4 ಜಿಬಿ ತುಂಬಿದ ಕೂಡಲೇ ಎಲ್ಲವೂ ಆ ಕಿರಿದಾದ ಗಲ್ಲಿಯಲ್ಲಿ ಬರಬೇಕು, ಅಲ್ಲೇ ಜಾಮ್. ಜಿಟಿಎಕ್ಸ್ 1650 ಬಂದದ್ದು 2019ರಲ್ಲಿ. ಆದರೆ ಅದಕ್ಕೆ ಹದಿನಾರು ದಾರಿ. ನನ್ನ ಹಳೆಯ ಬೋರ್ಡ್‌ನಲ್ಲೂ 8 ಜಿಬಿ ಸಿಗುತ್ತದೆ. ಹಳೆಯ ಎತ್ತಿಗೆ ಹಳೆಯ ನೊಗವೇ ಸರಿ ಅಂತ ಅಲ್ಲಿಂದ ಎದ್ದೆ.

ಇನ್ನೊಂದು ಕಡೆ ಆರ್‌ಎಕ್ಸ್ 580, 8 ಜಿಬಿ, ಕೇಳಿದರೆ ಆಸೆಯಾಗುವ ರೇಟಿಗೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಕ್ರಿಪ್ಟೊ ನಾಣ್ಯಕ್ಕೆ ಗ್ರಾಫಿಕ್ಸ್ ಕಾರ್ಡ್‌ನಿಂದ ಮೈನಿಂಗ್ ಮಾಡುವುದು, ಅಂದರೆ ಲೆಕ್ಕ ಬಿಡಿಸಿ ನಾಣ್ಯ ಗಳಿಸುವುದು, ನಿಂತುಹೋಯಿತು. ಹಗಲು ರಾತ್ರಿ ದುಡಿದ ಕಾರ್ಡ್‌ಗಳು ರಾಶಿ ರಾಶಿಯಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಎಲ್ಲವೂ ಕೆಟ್ಟವು ಅಂತಲ್ಲ. ಆದರೆ ಅದೇ ಹೆಸರಿನಲ್ಲಿ ಕಡಿಮೆ ಶಕ್ತಿಯ 2048 ಎಸ್‌ಪಿ ಅನ್ನುವ ಬೇರೆ ಮಾಡೆಲ್ ಕೂಡ ಓಡಾಡುತ್ತದೆ, ಗೊತ್ತಿಲ್ಲದವರು ಒಂದು ಅಂತ ಇನ್ನೊಂದು ತರುತ್ತಾರೆ. ಅದಕ್ಕಿಂತ ಮುಖ್ಯ, ಆ ಕಾರ್ಡ್ 185 ವ್ಯಾಟ್ ಕುಡಿಯುತ್ತದೆ. ನನ್ನ ಬಿಟ್ಟಿ ಎಸ್‌ಎಂಪಿಎಸ್ ಅಲ್ಲೇ ಹೊಗೆ ಎಸೆಯುತ್ತಿತ್ತು.

ಕೊನೆಗೆ ಸಿಕ್ಕಿದ್ದು ಒಂದೇ ಫ್ಯಾನಿನ, ಸಣ್ಣ ಜಿಟಿಎಕ್ಸ್ 1650. ಸೆಕೆಂಡ್ ಹ್ಯಾಂಡ್. 7,000 ಹೇಳಿ 6,200ಕ್ಕೆ ಇಳಿದರು. 75 ವ್ಯಾಟ್ ಅಷ್ಟೇ, ಸ್ಲಾಟ್‌ನಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ, ಬೇರೆ ವೈರ್ ಬೇಡ. ಅದೇ ಹೆಸರಿನ ಕೆಲವು ಕಾರ್ಡ್‌ಗಳಿಗೆ ಆರು ಪಿನ್ ವೈರ್ ಬೇಕಾಗುತ್ತದೆ, ನೋಡಿ ತೆಗೆದುಕೊಳ್ಳಬೇಕು. ಅಂಗಡಿಯ ಮಷಿನ್‌ಗೆ ಹಾಕಿಸಿ ಜಿಪಿಯು-ಝಡ್ ತೆರೆಯಿರಿ ಅಂದೆ. ಹಳೆಯ ಕಾರ್ಡ್‌ಗೆ ಹೊಸ ಹೆಸರು ಬರೆದು ಮಾರುವ ದಂಧೆ ಇದೆ, ಅಂಥದ್ದಾದರೆ ಆ ತಂತ್ರಾಂಶ ನಕಲಿ ಅಂತ ಹೆಸರಿನ ಮುಂದೇ ಬರೆದು ತೋರಿಸುತ್ತದೆ. ಇದು ಅಸಲಿ. ಆಮೇಲೆ ಕಾರ್ಡನ್ನು ಪೂರ್ತಿ ದುಡಿಸಿ ನೋಡುವ ಫರ್‌ಮಾರ್ಕ್ ಹಾಕಿ ಹದಿನೈದು ನಿಮಿಷ ಕಾಯಿಸಿದೆ. ಅಂಗಡಿಯವರಿಗೆ ಸ್ವಲ್ಪ ಬೇಜಾರಾಯಿತು. "ನಮ್ ಮೇಲೆ ನಂಬಿಕೆ ಇಲ್ವಾ ಸಾರ್?" 700 ರೂಪಾಯಿ ಕಡ್ಡಿಯ ಕಥೆ ಹೇಳಿದೆ. ನಕ್ಕು ಟೀ ತರಿಸಿದರು. ಒಂದು ವಾರ ಟೆಸ್ಟಿಂಗ್ ವಾರಂಟಿ ಅಂತ ಚೀಟಿಯ ಹಿಂದೆ ಬರೆದುಕೊಟ್ಟರು.

ಹೊರಡುವಾಗ ಅವರೇ ಕೇಳಿದರು, "ಎಸ್‌ಎಂಪಿಎಸ್ ಯಾವ್ದು ಹಾಕಿದೀರಿ?" 450 ವ್ಯಾಟ್ ಅಂದೆ. "ಲೇಬಲ್ ಫೋಟೊ ಇದ್ಯಾ?" ಇತ್ತು. 12 ವೋಲ್ಟ್ ಸಾಲಿನ ಎದುರು 16 ಆಂಪಿಯರ್ ಅಂತ ಬರೆದಿತ್ತು. ಹನ್ನೆರಡು ಹದಿನಾರಲಿ 192 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡ್ ದುಡಿಯುವುದೇ ಆ 12 ವೋಲ್ಟ್ ಸಾಲಿನಲ್ಲಿ. ಪ್ರೊಸೆಸರ್ 84, ಕಾರ್ಡ್ 75, ಮೇಲೆ ಫ್ಯಾನು, ಡಿಸ್ಕು. ಹತ್ತು ವರ್ಷ ಹಳೆಯದು ಬೇರೆ. ದೊಡ್ಡದಾಗಿ 450 ಅಂತ ಅಚ್ಚು ಹಾಕಿದ್ದು ಬರೀ ಶೋಕಿ. ಹೊಸ 450 ವ್ಯಾಟ್‌ನ, ಕರೆಂಟ್ ಕಡಿಮೆ ಪೋಲಾಗುತ್ತದೆ ಅನ್ನುವ 80 ಪ್ಲಸ್ ಬ್ರಾಂಜ್ ಗುರುತಿನ ಎಸ್‌ಎಂಪಿಎಸ್‌ಗೆ 2,600 ಕೊಟ್ಟೆ. ಕೈಯಲ್ಲಿ ಹಿಡಿದಾಗಲೇ ಗೊತ್ತಾಯಿತು, ಹಳೆಯದಕ್ಕಿಂತ ಎರಡು ಪಟ್ಟು ತೂಕ. ಬಜೆಟ್ ಅಲ್ಲಿಗೆ ಕೈಬಿಟ್ಟು ಹೋಯಿತು.

ರಿಪೇರಿ ಅಂಗಡಿಯ ಅಣ್ಣ ಮೊದಲೇ ಎಚ್ಚರಿಸಿದ್ದರು. "ಒಂದೊಂದೇ ಹಾಕಿ ಸಾರ್. ಎಲ್ಲಾ ಒಟ್ಟಿಗೆ ಹಾಕಿ ಆನ್ ಆಗ್ಲಿಲ್ಲ ಅಂದ್ರೆ ಯಾವ್ದರಿಂದ ಅಂತ ಹುಡುಕ್ತೀರಿ?" ಹಾಗೇ ಮಾಡಿದೆ. ಎಸ್‌ಎಂಪಿಎಸ್ ಬದಲಿಸುವ ಮೊದಲು ಎಲ್ಲ ವೈರ್‌ಗಳ ಫೋಟೊ ತೆಗೆದುಕೊಂಡೆ. ಮರುದಿನ ರ‍್ಯಾಮ್. 8 ಮತ್ತು 4 ಸೇರಿ 12 ಜಿಬಿ. ಎರಡು ಕಡ್ಡಿ ಇದ್ದಾಗ ಪ್ರೊಸೆಸರ್ ಎರಡೂ ಕಡೆಯಿಂದ ಒಟ್ಟಿಗೆ ಎಳೆದುಕೊಳ್ಳುತ್ತದೆ. ಅಳತೆ ಬೇರೆಬೇರೆಯಾದರೂ 4 ಮತ್ತು 4ರಷ್ಟು ಭಾಗ ಜೋಡಿಯಾಗಿ ಓಡುತ್ತದೆ, ಉಳಿದ 4 ಒಂಟಿಯಾಗಿ. ಒಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ, ಕಾರ್ಡ್ ಹಾಕುವ ಮೊದಲೇ ಆಟ 22ರಿಂದ 30ರ ಹತ್ತಿರ ಬಂತು.

ಎಸ್‌ಎಸ್‌ಡಿಯಲ್ಲಿ ಒಂದು ರಾತ್ರಿ ಹಾಳಾಯಿತು. ಬೋರ್ಡ್‌ನಲ್ಲಿ ನಾಲ್ಕು ಸಾಟಾ ಪೋರ್ಟ್, ಅದರಲ್ಲಿ ಎರಡು ಮಾತ್ರ 6 ಗಿಗಾಬಿಟ್ ವೇಗದವು. ಅದನ್ನು ನೋಡಿಯೇ ಚುಚ್ಚಿದೆ. 8 ಜಿಬಿ ಪೆನ್‌ಡ್ರೈವ್‌ನಿಂದ ವಿಂಡೋಸ್ 10 ಹೊಸದಾಗಿ ಹಾಕಿದೆ. ಲೈಸೆನ್ಸ್ ಬೋರ್ಡ್‌ಗೇ ಅಂಟಿಕೊಂಡಿರುವುದರಿಂದ ಕೀ ಕೇಳಲಿಲ್ಲ. ಇಪ್ಪತ್ತು ಸೆಕೆಂಡಿಗೆ ಡೆಸ್ಕ್‌ಟಾಪ್ ಬಂತು. ಮುಂಚೆ ಪವರ್ ಬಟನ್ ಒತ್ತಿ ಕಾಫಿ ಕುಡಿದು ಬರುತ್ತಿದ್ದೆ. ಹಿಗ್ಗಿನಲ್ಲಿ ಹಳೆಯ ಹಾರ್ಡ್ ಡಿಸ್ಕ್ ಕೇಬಲ್ ಕಿತ್ತು ನೋಡಿದೆ. ಕಪ್ಪು ಪರದೆ, ಬೂಟ್ ಡಿವೈಸ್ ಇಲ್ಲ ಅಂತ ಬಿಳಿ ಅಕ್ಷರ.

ಆದದ್ದು ಇಷ್ಟೇ. ವಿಂಡೋಸ್ ಹಾಕುವಾಗ ಎರಡೂ ಡಿಸ್ಕ್ ಕನೆಕ್ಟ್ ಆಗಿದ್ದವು. ಹಳೆಯ ಡಿಸ್ಕ್‌ನಲ್ಲಿ ಕಂಪ್ಯೂಟರನ್ನು ಬೂಟ್ ಮಾಡುವ, ಅಂದರೆ ಶುರುಮಾಡಿಸುವ, ಸಣ್ಣ ಪಾರ್ಟಿಷನ್ ಮೊದಲೇ ಇದ್ದುದರಿಂದ, ವಿಂಡೋಸ್ ತಾನು ಎಸ್‌ಎಸ್‌ಡಿಯಲ್ಲಿ ಕೂತು ಬಾಗಿಲ ಬೀಗದ ಕೈಯನ್ನು ಮಾತ್ರ ಹಳೆಯ ಮನೆಯಲ್ಲೇ ಇಟ್ಟಿತ್ತು. ಕಮಾಂಡ್ ಬರೆದು ಸರಿಮಾಡುವ ದಾರಿ ಇದೆ. ರಾತ್ರಿ ಒಂದು ಗಂಟೆಗೆ ಅದೆಲ್ಲ ಬೇಡ ಅನ್ನಿಸಿ, ಹಾರ್ಡ್ ಡಿಸ್ಕ್ ಕೇಬಲ್ ಕಿತ್ತಿಟ್ಟು ಮತ್ತೆ ಮೊದಲಿನಿಂದ ಹಾಕಿದೆ. ಎಸ್‌ಎಸ್‌ಡಿಗೆ ಹಾಕುವುದಾದರೆ ಇಪ್ಪತ್ತೈದು ನಿಮಿಷದ ಕೆಲಸ. ಹಾರ್ಡ್ ಡಿಸ್ಕ್ ಈಗ ಮದುವೆ ಫೋಟೊಗಳಿಗೆ ಮೀಸಲು.

ಎಸ್‌ಎಸ್‌ಡಿ ಹಾಕಿದರೆ ಎಫ್‌ಪಿಎಸ್ ಏರುತ್ತದೆ ಅಂತ ಹೇಳುವವರು ಇದ್ದಾರೆ. ನನಗೆ ಒಂದೂ ಏರಲಿಲ್ಲ. ಆದರೆ ಮ್ಯಾಪ್ ಲೋಡ್ ಆಗುವುದು ಚಿಟಿಕೆ ಹೊಡೆದಂತಾಯಿತು, ನಡುನಡುವೆ ಡಿಸ್ಕ್ ಓದಲು ಕಾದು ನಿಲ್ಲುತ್ತಿದ್ದ ಜರ್ಕ್ ಹೋಯಿತು.

ಶುಕ್ರವಾರ ಸಂಜೆ ಕಾರ್ಡ್ ಹಾಕಿದೆ. ಟಕ್ ಅಂತ ಕೂತಿತು, ಸ್ಕ್ರೂ ಹಾಕಿದೆ, ಆನ್ ಮಾಡಿದೆ. ಕತ್ತಲೆ. ಫ್ಯಾನ್ ತಿರುಗುತ್ತಿದೆ, ವಿಂಡೋಸ್ ಶುರುವಾದ ಸದ್ದೂ ಸ್ಪೀಕರ್‌ನಲ್ಲಿ ಕೇಳಿಸಿತು. ಪರದೆ ಮಾತ್ರ ಕಪ್ಪು. ಕಾರ್ಡ್ ಹಾಕಿದ ಕೂಡಲೇ ಬೋರ್ಡ್ ತನ್ನ ವಿಜಿಎ ಕಿಂಡಿಯನ್ನು ಮುಚ್ಚಿದೆ, ನಾನು ಕೇಬಲನ್ನು ಅಲ್ಲೇ ಬಿಟ್ಟಿದ್ದೇನೆ. ಸರಿ, ಕಾರ್ಡ್‌ಗೆ ಚುಚ್ಚೋಣ ಅಂತ ಹಿಂದೆ ನೋಡಿದರೆ ಅಲ್ಲಿ ವಿಜಿಎ ಕಿಂಡಿಯೇ ಇಲ್ಲ. ಎಚ್‌ಡಿಎಂಐ, ಡಿವಿಐ, ಡಿಸ್‌ಪ್ಲೇ ಪೋರ್ಟ್. ಇಷ್ಟೆಲ್ಲ ವ್ಯಾಟ್, ದಾರಿ, ಬಿಟ್ ಲೆಕ್ಕ ಹಾಕಿದವನು ಕೇಬಲ್ ಮರೆತಿದ್ದೆ. ಡಿವಿಐಗೆ ಹಾಕುವ ಅಗ್ಗದ ಅಡಾಪ್ಟರ್ ಒಂದು ಮನೆಯಲ್ಲೇ ಇತ್ತು, ಅದು ಹಿಡಿಯಲೇ ಇಲ್ಲ. ಈ ಕಾರ್ಡ್‌ನಿಂದ ಹೊರಬರುವುದು ಡಿಜಿಟಲ್ ಸಿಗ್ನಲ್ ಮಾತ್ರ, ವಿಜಿಎ ಕೇಳುವುದು ಅನಲಾಗ್. ಒಳಗೆ ಚಿಪ್ ಇರುವ ಎಚ್‌ಡಿಎಂಐ ಟು ವಿಜಿಎ ಕನ್ವರ್ಟರ್ ಬೇಕು. ಅಂಗಡಿ ಮುಚ್ಚುವ ಹೊತ್ತಿಗೆ ಓಡಿಹೋಗಿ ಒಂದು ಮೊಬೈಲ್ ಅಂಗಡಿಯಲ್ಲಿ 350 ಕೊಟ್ಟು ತಂದೆ.

ಡ್ರೈವರ್ ಹಾಕಿದೆ. ಆಟ ತೆರೆದೆ. ಮೊದಲ ಒಂದೆರಡು ಮ್ಯಾಚ್ ಎಳೆಯಿತು. ಹೊಸ ಕಾರ್ಡ್‌ಗೆ ಶೇಡರ್ ಅನ್ನುವ, ಬೆಳಕು ಬಣ್ಣ ಬಿಡಿಸುವ ಸಣ್ಣ ಪ್ರೋಗ್ರಾಂಗಳನ್ನೆಲ್ಲ ಹೊಸದಾಗಿ ಸಿದ್ಧ ಮಾಡಿಕೊಳ್ಳುವವರೆಗೆ ಹಾಗೇ, ಎದೆ ಒಡೆದುಕೊಳ್ಳಬೇಕಿಲ್ಲ. ಆಮೇಲೆ 90, 100. ಕಣ್ಣು ಉಜ್ಜಿಕೊಂಡೆ.

ಆದರೂ ಹೊಗೆ ಮತ್ತು ಗಲಾಟೆ ಒಟ್ಟಿಗೆ ಬಂದಾಗ 50ಕ್ಕೆ ಬೀಳುತ್ತಿತ್ತು, ಮತ್ತೆ ನೂರಕ್ಕೆ ಹಾರುತ್ತಿತ್ತು. ಮೂಲೆಯ ಸಂಖ್ಯೆ ನೋಡಿದೆ. ಕಾರ್ಡ್ ಅರ್ಧದಷ್ಟೂ ದುಡಿಯುತ್ತಿಲ್ಲ, ಪ್ರೊಸೆಸರ್‌ನ ನಾಲ್ಕೂ ಕೋರ್ ನೂರಕ್ಕೆ ನೂರು. ಈಗ ಕುಂಟುತ್ತಿರುವುದು ಹಳೆಯ ಐ5. 768 ಪಿಕ್ಸೆಲ್‌ನ ಸಣ್ಣ ಪರದೆಗೆ ಬಿಡಿಸುವುದು ಕಾರ್ಡ್‌ಗೆ ಮಕ್ಕಳಾಟ, ಆಟಗಾರರು ಎಲ್ಲಿದ್ದಾರೆ, ಗುಂಡು ಎಲ್ಲಿ ಬಿತ್ತು ಅನ್ನುವ ಲೆಕ್ಕವೆಲ್ಲ ಪ್ರೊಸೆಸರ್ ತಲೆಗೆ. ಹಾಗಾಗಿ ನೆರಳು, ಅಂಚಿನ ನಯ ಎಲ್ಲವನ್ನೂ ಮೇಲಕ್ಕೆ ಏರಿಸಿದೆ. ಒಂದು ಫ್ರೇಮೂ ಕಡಿಮೆಯಾಗಲಿಲ್ಲ. ಸೆಟ್ಟಿಂಗ್ ಇಳಿಸಿದರೆ ವೇಗ ಅಂತ ಹತ್ತು ವರ್ಷ ನಂಬಿದ್ದವನಿಗೆ ಇದು ವಿಚಿತ್ರ. ಆಮೇಲೆ ಆಟದಲ್ಲೇ ಫ್ರೇಮ್‌ಗೆ 60ರ ಮಿತಿ ಹಾಕಿದೆ. ನನ್ನ ಮಾನಿಟರ್ ಸೆಕೆಂಡಿಗೆ 60 ಸಲಕ್ಕಿಂತ ಜಾಸ್ತಿ ತೋರಿಸುವುದಿಲ್ಲ, ನೂರು ಬಂದು ಏನು ಮಾಡಬೇಕು? ಪ್ರೊಸೆಸರ್‌ಗೆ ಉಸಿರಾಡಲು ಜಾಗ ಸಿಕ್ಕಿತು. ಇಸಿಜಿ ಗೆರೆ ಹೆಚ್ಚೂಕಡಿಮೆ ಸಪಾಟಾಯಿತು. ಮಿತಿ ಹಾಕಲು ಖರ್ಚಾದದ್ದು ಸೊನ್ನೆ ರೂಪಾಯಿ.

ಶನಿವಾರ ಹತ್ತಕ್ಕೆ ಸೇರಿದೆವು. ಯಾರೋ ಹೊಗೆ ಎಸೆದರು. ಪರದೆ ನಿಲ್ಲಲಿಲ್ಲ. ನಾನು ಹೊಗೆಯನ್ನೇ ನೋಡುತ್ತಾ ನಿಂತೆ, ಅಷ್ಟು ಚೆನ್ನಾಗಿತ್ತು. ಹಿಂದಿನಿಂದ ಯಾರೋ ಹೊಡೆದರು.

ಒಟ್ಟು ಲೆಕ್ಕ 13,880, ಡ್ರಾಯರ್‌ನಲ್ಲಿರುವ ಕಡ್ಡಿಯೂ ಸೇರಿ. ಹನ್ನೆರಡು ಸಾವಿರದ ಗೆರೆ ದಾಟಿದೆ, ರೈಲು ಮೆಟ್ರೊ ಬೇರೆ. 330 ರೂಪಾಯಿಯ ಧೂಳು ಮತ್ತು ಸೆಲ್ ಕೆಲಸವನ್ನು ಎರಡು ವರ್ಷ ಮೊದಲೇ ಮಾಡಿಸಿದ್ದರೆ ಸಿಎಸ್ ಗೋ ಕಾಲದಲ್ಲೇ ಎಷ್ಟು ಸುಖವಾಗಿರುತ್ತಿದ್ದೆ ಅಂತ ಮಾತ್ರ ಹೊಟ್ಟೆ ಉರಿಯುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ನನ್ನದು ನಾಲ್ಕನೆಯದು. ಸದ್ಯಕ್ಕೆ ಒಂದು ವರ್ಷದ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್‌ಗೆ ಹೆಸರು ನೋಂದಾಯಿಸಿದ್ದೇನೆ. ವೈಟ್‌ಫೀಲ್ಡ್‌ನವನು ವಿಂಡೋಸ್ ಬದಲು ಲಿನಕ್ಸ್ ಹಾಕು ಅನ್ನುತ್ತಿದ್ದಾನೆ, ಆ ಆಟ ಅದರಲ್ಲೂ ಓಡುತ್ತದೆ. ಎಸ್.ಪಿ. ರೋಡಿನ ಅಂಗಡಿಗೆ ಫೋನ್ ಮಾಡಿ, ಇದೇ ಬೋರ್ಡ್‌ಗೆ ಕೂರುವ ಹಳೆಯ ಐ7 4770 ಇದೆಯಾ ಅಂತ ಕೇಳಿದೆ. ನಾಲ್ಕೇ ಕೋರ್, ಆದರೆ ಎಂಟು ಥ್ರೆಡ್, ಅಂದರೆ ಒಂದೇ ಸಲಕ್ಕೆ ಎಂಟು ಕೆಲಸ ಹಿಡಿಯುತ್ತದೆ. 3,500 ಹೇಳಿದರು. ಇನ್ನೂ ಹೋಗಿಲ್ಲ.

ಈ ಸಲದ ಆಯುಧಪೂಜೆಗೆ ಅಮ್ಮ ಹೂವು ಹಿಡಿದು ಬಂದಾಗ, "ಡಬ್ಬದ ಮೇಲೆ ಬೇಡಮ್ಮ, ಮಾನಿಟರ್‌ಗೆ ಇಡು" ಅಂದೆ.

"ಯಂತ್ರ ಇರೋದು ಡಬ್ಬದೊಳಗೆ ಅಲ್ವೇನೋ?"

ಕೊನೆಗೆ ಕುಂಕುಮ ಡಬ್ಬಕ್ಕೆ, ಹೂವು ಮಾನಿಟರ್‌ಗೆ ಅಂತ ರಾಜಿಯಾಯಿತು.